ಸೈಡ್‌ವಿಂಗಿನ ಸೇಡು

ಜನವರಿ ೧೨, ಭಾನುವಾರ

ರಿಹರ್ಸಲ್ ಮುಗಿಸಿ ಬಂದೆ. ಗಂಟಲು ಕಟ್ಟಿದೆ. ಪಿಸುಗುಟ್ಟುವುದಕ್ಕೂ ಇಷ್ಟು ಗಂಟಲು ಬೇಕೆಂದು ಗೊತ್ತಿರಲಿಲ್ಲ. ರಾಜಕುಮಾರನ ಪಾತ್ರಕ್ಕಾಗಿ ತಿಂಗಳುಗಟ್ಟಲೆ ಮನೆಯ ಹಂಚು ಹಾರುವಂತೆ ಕೂಗಿದವನು ನಾನು. ಪಾತ್ರ ಸಿಕ್ಕಿದ್ದು ಡೈರೆಕ್ಟರ ಷಡ್ಡಕನಿಗೆ. ಹಲ್ಲಿನ ಡಾಕ್ಟರು. ಬಾಯಿ ತೆರೆದು ಕೂತವರ ಮುಂದೆ ಒಬ್ಬರೇ ಮಾತಾಡಿ ರೂಢಿ — ಸ್ಟೇಜಿನ ಮೇಲೆ ಮಾತ್ರ ಒಂದು ಸಾಲೂ ನೆನಪಿರುವುದಿಲ್ಲ.

"ನಿನಗೆ ಎಲ್ಲರ ಮಾತೂ ಬಾಯಿಪಾಠ ಕಣಯ್ಯ. ಸೈಡ್‌ವಿಂಗಿನಲ್ಲಿ ಕೂತು ಮರೆತವರಿಗೆ ನೀನೇ ಪ್ರಾಂಪ್ಟ್ ಮಾಡು" ಎಂದರು ಡೈರೆಕ್ಟರು. ಎಷ್ಟು ನಯವಾಗಿ ಕತ್ತು ಕೊಯ್ದರು.

ಸೈಡ್‌ವಿಂಗಿನ ಸ್ಟೂಲು ಈಗ ನನ್ನ ಸಿಂಹಾಸನ. ಒಂದು ಕಾಲು ಗಿಡ್ಡ.

ಜನವರಿ ೧೫

ನಾಟಕ ಹಳೆಯದು, ಕೋಪ ಹೊಸದು. ರಾಜನಿಗೆ ವಿಷವಿಟ್ಟ ರಾಣಿಯನ್ನು ರಾಜಕುಮಾರ ಕೊನೆಯ ದೃಶ್ಯದಲ್ಲಿ ಕೊಲ್ಲುತ್ತಾನೆ. ಹಿಂದಿನ ನಾಟಕಕಾರರು ಎಂಥ ಶ್ರಮಜೀವಿಗಳು. ಒಂದು ಸೇಡಿಗೆ ಐದು ಅಂಕ, ರಾಶಿ ಹೆಣ. ನಮಗೆಲ್ಲಿದೆ ಪುರುಸೊತ್ತು? ಗ್ರೂಪಿನಿಂದ ತೆಗೆದುಹಾಕುತ್ತೇವೆ. ಮೆಸೇಜು ನೋಡಿಯೂ ಉತ್ತರಿಸುವುದಿಲ್ಲ. ಕತ್ತಿ ಬೇಡ, ರಕ್ತ ಒರೆಸುವ ಕೆಲಸವೂ ಇಲ್ಲ. ಸುಮ್ಮನಿದ್ದರೆ ಆಯಿತು.

ಸುಮ್ಮನಿದ್ದರೆ ಆಯಿತು...

ಎದ್ದು ನಿಂತುಬಿಟ್ಟೆ.

ಸಂಜೆ

ಕತ್ತಿ ಎತ್ತಿ ರಾಜಕುಮಾರ ಹೇಳಬೇಕು: "ನನ್ನ ತಂದೆಯ ಹೆಸರು ಹೇಳಿ ಸಾಯಿ." ಡಾಕ್ಟರಿಗೆ ಈ ಸಾಲು ಒಮ್ಮೆಯೂ ನೆನಪಾಗಿಲ್ಲ. ಪ್ರತಿ ಸಲ ನಾನೇ ಊದಬೇಕು. ಶೋ ದಿನ ಊದುವುದಿಲ್ಲ. ಅಷ್ಟೇ.

"ಒಬ್ರೇ ಯಾಕೆ ನಗ್ತಿದೀರಿ?" ನನ್ನಾಕೆ. ನಾಟಕದ ರಾಣಿಯೂ ಅವಳೇ.

"ಪೇಪರಿನ ನನ್ನ ಕಾಲಂಗೆ ಒಂದು ಜೋಕು ಹೊಳೀತು."

"ನಿಮ್ಮ ಜೋಕಿಗೆ ನಗೋ ಒಬ್ಬನೇ ಓದುಗ ನೀವೇ, ಬಿಡಿ."

ಫೆಬ್ರವರಿ ೨, ಬೆಳಗ್ಗೆ

ಇವತ್ತು ಶೋ. ಪ್ರೇಕ್ಷಕರಿಗೆ ಕಾಣದವನು ಎರಡೆರಡು ಸಲ ಶೇವ್ ಮಾಡಿಕೊಂಡೆ. ಕಾಫಿ ಕುಡಿದೆನೋ ಇಲ್ಲವೋ, ಜ್ಞಾಪಕವಿಲ್ಲ.

ಫೆಬ್ರವರಿ ೩

ಬರೆಯದಿದ್ದರೆ ಒಡೆದುಹೋಗುತ್ತೇನೆ.

ಕೊನೆಯ ದೃಶ್ಯ. ಡಾಕ್ಟರು ಕತ್ತಿ ಎತ್ತಿದರು. ನಿಂತರು. ಮಾತಿಲ್ಲ. ನನ್ನ ಕಡೆ ಕಣ್ಣು ಹೊರಳಿಸಿದರು. ನಾನು ಸ್ಕ್ರಿಪ್ಟಿನ ಬೈಂಡಿಂಗನ್ನು ಭಕ್ತಿಯಿಂದ ನೋಡುತ್ತಿದ್ದೆ.

ಆದರೆ ಆ ಕತ್ತಿಯ ಕೆಳಗೆ ಮೊಣಕಾಲೂರಿ ಕತ್ತು ಚಾಚಿದವಳು ನನ್ನ ಹೆಂಡತಿ. ಅದೊಂದು ನನ್ನ ಮಹಾಯೋಜನೆಯಲ್ಲಿ ಬಿಟ್ಟೇಹೋಗಿತ್ತು.

ಯಾರೋ ಕೆಮ್ಮಿದರು. ಹಿಂದಿನ ಸಾಲಿನಲ್ಲಿ ಕಿಸಕ್ಕೆಂದರು. ಅವಳು ಅಲುಗಲಿಲ್ಲ. ಬೆವರು ಇಳಿದು ಬಣ್ಣ ಕದಡುತ್ತಿತ್ತು. ಮೆಲ್ಲಗೆ ಮುಖ ತಿರುಗಿಸಿದಳು — ನನ್ನ ಕಡೆಗೆ. ಗೊತ್ತಾಗಿಬಿಟ್ಟಿತ್ತು ಅವಳಿಗೆ.

"ಯಾಕೆ ಮೌನ?" ರಾಣಿಯದೇ ಗತ್ತು. "ಕೋಪ ನನ್ನ ಮೇಲೋ? ಹಾಗಿದ್ದರೆ ಮುಖ ನೋಡಿ ಹೇಳು."

ಸ್ಕ್ರಿಪ್ಟಿನಲ್ಲಿ ಇಲ್ಲ ಇದು.

ನನ್ನ ಬಾಯಿ ತಾನಾಗಿ ತೆರೆಯಿತು. ಪಿಸುಮಾತಲ್ಲ — ತಿಂಗಳುಗಟ್ಟಲೆ ಕೂಡಿಟ್ಟ ಪೂರಾ ಗಂಟಲು. "ನನ್ನ ತಂದೆಯ ಹೆಸರು" ಎನ್ನುವ ಬದಲು "ನನ್ನ ಹೆಸರು ಹೇಳಿ ಸಾಯಿ" ಎಂದು ಗುಡುಗಿದೆ. ಕತ್ತಲೊಳಗಿಂದ. ಸತ್ತ ರಾಜನೇ ಭೂತವಾಗಿ ಬಂದನೆಂದುಕೊಂಡು ಸಭೆ ನಡುಗಿತು. ಡಾಕ್ಟರು ಬೆಚ್ಚಿ ಕತ್ತಿ ಇಳಿಸಿದ್ದೇ, ರಾಣಿ ಸತ್ತಳು. ಚಪ್ಪಾಳೆಗೆ ಪರದೆ ಅಲುಗಿತು.

ಡಾಕ್ಟರು ಅಪ್ಪಿಕೊಂಡರು. "ಸರ್, ಮಾನ ಉಳಿಸಿದ್ರಿ. ಇನ್ಮೇಲೆ ನಿಮ್ಮ ಹಲ್ಲು ನನ್ನ ಜವಾಬ್ದಾರಿ." ಸೇಡು ತೀರಿಸಿಕೊಳ್ಳಲು ಹೋಗಿ ರೂಟ್ ಕೆನಾಲ್ ಗೆದ್ದವನು ಇತಿಹಾಸದಲ್ಲಿ ಬಹುಶಃ ನಾನೊಬ್ಬನೇ. ಡೈರೆಕ್ಟರು: "ಭೂತ ಮುಂದಿನ ಶೋಗೂ ಇರಲಿ." ಪಾತ್ರ ಸಿಕ್ಕಿತು.

ಅವಳು ಕಿರೀಟದ ಪಿನ್ನು ಬಿಚ್ಚುತ್ತ ಇಷ್ಟೇ ಅಂದಳು: "ಮನೆ ಬೀಗದ ಕೈ ನಿಮ್ಮ ಹತ್ರ ಇದೆ."

ಫೆಬ್ರವರಿ ೮

ಮಾತಿಲ್ಲ. ಟಿವಿಯ ಜೊತೆ ಮಾತ್ರ ಮಾತಾಡುತ್ತಾಳೆ. ತಪ್ಪಾಯಿತು ಎಂದೆ. ವಾಲ್ಯೂಮ್ ಹೆಚ್ಚಿಸಿದಳು.

ಫೆಬ್ರವರಿ ೯, ಸಂಜೆ ೬-೫೦, ಸ್ಟೂಲಿನ ಮೇಲೆ

ಎರಡನೇ ಶೋ. ಈಗಷ್ಟೇ ಬಂದಿದ್ದಳು, ಕಿರೀಟ ಸಮೇತ. ನನ್ನ ಕಾಲರ್ ಸರಿಮಾಡಿದಳು.

"ಇವತ್ತು ಒಂದು ಕಡೆ ಸುಮ್ಮನಾಗ್ತೀನಿ."

"ಎಲ್ಲಿ?"

"ಹೇಳಿದ್ರೆ ಸೇಡು ಹೇಗಾಗುತ್ತೆ ರೀ? ನನಗೆ ಮಾತು ಹೇಳಿಕೊಡ್ತೀರೋ, ಅಥವಾ ಸುಮ್ನೆ ಕೂತ್ಕೋತೀರೋ, ನೋಡ್ಬೇಕು."

ನಕ್ಕಳು. ಈ ವಾರದ ಮೊದಲ ನಗು. ಐದು ಅಂಕದಲ್ಲಿ ಎಲ್ಲಿ ಬೇಕಾದರೂ... ಒಂದು ಸಾಲೂ ತಪ್ಪಬಾರದು. ಪೆನ್ನು ಕೆಳಗಿಟ್ಟು ಸ್ಕ್ರಿಪ್ಟಿನ ಸಾಲಿನ ಮೇಲೆ ಬೆರಳಿಡಬೇಕು. ಪರದೆ ಏಳುತ್ತಿದೆ. ಅವಳದೇ ಮೊದಲ ಮಾತು. ತುಟಿ ಬಿಗಿದು ಇತ್ತಲೇ ನೋಡು —