ಗುಂಡಿನ ಪೆಟ್ಟಿಗೆ

ಅಣ್ಣಾ, ನನ್ನ ಗಂಡನಿಗೆ ಶೌರ್ಯ ಪದಕ ಬಂತು ಕಣೋ! ಮದುವೆಯಾಗಿ ತಿಂಗಳೂ ಆಗಿಲ್ಲ, ನನ್ನ ಅದೃಷ್ಟ ನೋಡು! ನೀನು ಸತ್ತ ಆ ಗುಡ್ಡದ ತುದಿಯನ್ನು ಶತ್ರುವಿಗೆ ಬಿಟ್ಟುಕೊಡದೆ ಕಾಯ್ದದ್ದಕ್ಕಂತೆ. ಬೆಳಿಗ್ಗೆ ಕುಣಿಯುತ್ತಲೇ ಅವರ ಕೋಟಿಗೆ ಅದನ್ನು ಚುಚ್ಚುತ್ತಿದ್ದೆ. ಅವರು ನನ್ನ ಕೈ ಹಿಡಿದುಕೊಂಡು ಅತ್ತುಬಿಟ್ಟರು.

“ಕಾಯ್ದವನು ನಿಮ್ಮಣ್ಣ ಕಣೇ. ನಮ್ಮ ಪಡೆ ಬಂದು ಸೇರಿದಾಗ ಅಲ್ಲಿ ಬದುಕಿದ್ದವನು ನಾನೊಬ್ನೇ ಅಂತ ಪದಕ ನನಗೆ ಕೊಟ್ರು. ಮೈಗೆ ಎರಡು ಗುಂಡು ಬಿದ್ದಿದ್ರೂ ಒಬ್ಬನೇ ಹೊಡೀತಿದ್ದ. ‘ಲೋ ಭಾವ, ಗುಂಡು ಮುಗೀತು, ಮದುವೆ ಕನಸು ಆಮೇಲೆ ಕಾಣು, ಮೊದ್ಲು ಪೆಟ್ಟಿಗೆ ತಾ’ ಅಂತ ಕೂಗ್ದ. ಪೆಟ್ಟಿಗೆ ನನ್ನ ಕೈಲೇ ಇತ್ತು. ಬಂಡೆ ಮರೆ ಬಿಟ್ಟು ಏಳಲಿಲ್ಲ ನಾನು.”

ಅವರ ಕಣ್ಣೊರೆಸಿದೆ. ವಾಲಿದ್ದ ಪದಕವನ್ನು ನೆಟ್ಟಗೆ ಮಾಡಿ, ಇನ್ನು ಯಾರಿಗೂ ಹೇಳಬೇಡಿ ಎಂದೆ.

ಅಳಿಯನಿಗೆ ಹಾರ ಹಾಕಲು ಅಮ್ಮ ಸ್ಟೇಷನ್ನಿಗೇ ಬರುತ್ತಾಳಂತೆ. ಭಾನುವಾರ, ಹತ್ತು ಗಂಟೆಯ ಪ್ಯಾಸೆಂಜರ್ ರೈಲಿನಲ್ಲಿ ಇಬ್ಬರೂ ಬಂದಿಳಿಯುತ್ತೇವೆ.