ಅದು ಮಳೆಯಲ್ಲ

೧೪ ನವೆಂಬರ್, ಗುರುವಾರ

ನಮ್ಮ ಬ್ಯಾಂಡಿನ ಎರಡನೆಯ ಆಲ್ಬಂ ನಾಳೆ ಬಿಡುಗಡೆ. ಎಂಟು ಹಾಡುಗಳಲ್ಲಿ ನಾನು ಬರೆದದ್ದು ಒಂದೇ. ಅದರ ಶುರುವಿಗೆಂದು, ನಮ್ಮ ಮನೆಯ ರೇಷ್ಮೆಹುಳುಗಳು ಸೊಪ್ಪು ತಿನ್ನುವ ಸದ್ದನ್ನು ಫೋನಿನಲ್ಲಿ ಹಿಡಿದು ಕೊಟ್ಟಿದ್ದೆ. ಇವತ್ತು ಚನ್ನಪಟ್ಟಣದ ಸ್ಟುಡಿಯೋದಲ್ಲಿ ಕೇಳಿದರೆ ಆ ಸದ್ದೇ ಇಲ್ಲ.

"ಹಿಂದ್ಗಡೆ ಒಸಿ ಮಳೆ ಬತ್ತಾ ಇತ್ತು ಕಣಮ್ಮಿ, ಕ್ಲೀನ್ ಮಾಡ್ಬುಟ್ಟೆ" ಎಂದ ಗಿಟಾರಿನ ಶಶಿಕಿರಣ್. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಪಕ್ಕದಲ್ಲೇ ಬೆಳೆದವನು! ಗೂಡು ರಾಶಿ ರಾಶಿ ನೋಡಿದ್ದಾನೆ, ಹುಳು ಉಣ್ಣುವುದನ್ನು ಒಂದು ದಿನವೂ ಕೇಳಿಲ್ಲ. ನಾನಾದರೂ ಬಾಯಿ ಬಿಡಬಹುದಿತ್ತು. "ಚೆನ್ನಾಗೈತೆ" ಅಂದೆ. ಯಾಕೆ ಹಾಗಂದೆ?

ಊಟವಾದ ಮೇಲೆ ಅಜ್ಜಿಗೆ ಹಾಡು ಕೇಳಿಸಿದೆ. ಹುಳು ಸಾಕುತ್ತಲೇ ಮುದುಕಿಯಾದವಳು ಆ ಸದ್ದಿಗೆಂದೇ ಕಿವಿಗೊಟ್ಟು ಕಾದಳು.

"ಏನವ್ವಾ, ಹುಳಾನೆಲ್ಲ ಉಪಾಸ ಕೆಡವಿದ್ದೀರಾ?"

ನನಗೆ ನಗು ಬರಲಿಲ್ಲ.

ನಾನು ಹಿಡಿದ ಸದ್ದು ಫೋನಿನಲ್ಲೇ ಇದೆ. "ಅದು ಮಳೆಯಲ್ಲ, ಹುಳು. ವಾಪಸ್ ಹಾಕು" ಎಂದು ಶಶಿಗೆ ಬರೆದು ಮೂರು ಸಲ ಅಳಿಸಿದೆ. ಈಗ ನಾಲ್ಕನೆಯ ಸಲ ಬರೆದಿಟ್ಟಿದ್ದೇನೆ. ಇಡೀ ಹಾಡು ಬರೆದವಳಿಗೆ ಇಷ್ಟನ್ನು ಕಳಿಸಲು ಆಗುತ್ತಿಲ್ಲ. ಬೆಳಿಗ್ಗೆ ಆರಕ್ಕೆ ಅಪ್‌ಲೋಡ್ ಮಾಡಿಬಿಡುತ್ತಾರೆ. ಅಜ್ಜಿಯನ್ನು ಎಬ್ಬಿಸಿ, ಅವಳ ಬೆರಳಿನಿಂದಲೇ 'ಸೆಂಡ್' ಒತ್ತಿಸಿಬಿಟ್ಟರೆ…