ಆಸ್ಪತ್ರೆಯ ಎದುರಿನ ತವರುಮನೆ

ಕುಮಟೆಯ ಬೀಗಿತ್ತಿ ಮಂಗಲಾ ಅವರಿಗೆ,

ಮುಟ್ಟಳ್ಳಿಯ ನಾಯ್ಕರ ಮನೆಯ ಯಜಮಾನಿ ನಾಗವೇಣಿ ಬರೆಯುವುದು. ಮೂವತ್ತು ವರ್ಷದಿಂದ ಈ ಮನೆಯಲ್ಲಿ ನನ್ನದೇ ಕೊನೆಯ ಮಾತು. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲವೆಂದು ಈ ಪತ್ರ.

ನಿಮ್ಮ ಮಗಳ ಹೊಟ್ಟೆಯ ಅವಳಿಗಳಲ್ಲಿ ಒಂದರ ರಕ್ತ ಇನ್ನೊಂದಕ್ಕೆ ಹರಿದುಹೋಗುತ್ತಿತ್ತಲ್ಲ, ಸಣ್ಣ ನಳಿಗೆ ಹಾಕಿ ಮಾಡಿದ ಶಸ್ತ್ರಚಿಕಿತ್ಸೆ ಅದನ್ನು ನಿಲ್ಲಿಸಿದೆ. ಮೊನ್ನೆ ಸ್ಕ್ಯಾನ್ ಮಾಡುವಾಗ ಎರಡೂ ಮಕ್ಕಳ ಎದೆಬಡಿತವನ್ನು ನಾನೇ ಕೇಳಿದೆ.

"ಅತ್ತೆ, ಅಳ್ತಾ ಇದ್ರ್ಯಾ?" ಎಂದಳು ಅಮಿತಾ.

"ನಾ ಎಂತಕ್ಕೆ ಅಳೂದು? ಎಸಿ ಗಾಳಿ ಕಣ್ಣಿಗೆ ಹೊಡೀತದೆ" ಎಂದೆ. ನರ್ಸ್ ಕೂಡ ನಕ್ಕಳು.

ಆದರೆ ಹೆರಿಗೆಯವರೆಗೆ ಕುಮಟೆಯಷ್ಟು ದೂರದ ಪ್ರಯಾಣ ಕೂಡದು, ಆಸ್ಪತ್ರೆಯ ಹತ್ತಿರವೇ ಇರಬೇಕು ಎಂದಿದ್ದಾರೆ ಡಾಕ್ಟರು. ಏಳನೇ ತಿಂಗಳಲ್ಲಿ ಹೂ ಮುಡಿಸಿ ಮಗಳನ್ನು ತವರಿಗೆ ಕರೆದೊಯ್ಯುವುದು ತಾಯಿಯ ಹಕ್ಕು. ಅದನ್ನು ಕಸಿಯುವ ಅತ್ತೆ ನಾನಲ್ಲ.

ಆಸ್ಪತ್ರೆಯ ಎದುರಿಗೇ ನಿಮ್ಮ ಹೆಸರಿನಲ್ಲಿ ಬಾಡಿಗೆ ಮನೆ ಹಿಡಿದಿದ್ದೇನೆ. ಅಲ್ಲಿ ಒಲೆಯೂ ಯಜಮಾನಿಕೆಯೂ ನಿಮ್ಮದು. ನಾನು ನೆಂಟರಂತೆ ಕೂತು ಬಡಿಸಿದ್ದನ್ನು ಉಣ್ಣುತ್ತೇನೆ. ಸಾರಿಗೆ ಉಪ್ಪು ಹೆಚ್ಚಾದರೆ ಮಾತ್ರ ಹೇಳುತ್ತೇನೆ. ಹಸಿರು ಸೀರೆ ತನ್ನಿ. ಈ ಪತ್ರ ತಂದ ನನ್ನ ಮಗ ನಿತೇಶನ ಕಾರಿನಲ್ಲೇ ಹೊರಡಿ.

ಅಮಿತಾಳನ್ನು ಇವತ್ತು ಬೆಳಿಗ್ಗೆಯೇ ಆ ತವರುಮನೆಗೆ ಕಳಿಸಿಕೊಟ್ಟಿದ್ದೇನೆ.

ಇತಿ,
ನಾಗವೇಣಿ ನಾಯ್ಕ